ಹಕೀಕತ್ ಡಿವಿಡಿ: ಟೈಟಲ್ ಕಾರ್ಡಿನಲ್ಲಿ ನಮ್ಮೂರಿನವರು

ಯುದ್ಧದ ಸಿನಿಮಾ ಅಂದರೆ ನನಗೆ ಅಷ್ಟಕ್ಕಷ್ಟೆ. ಈ ಡಿವಿಡಿ ತಗೊಂಡಿದ್ದು ಒಂದೇ ಕಾರಣಕ್ಕೆ. ಕಲಾ ನಿರ್ದೇಶನ ಎಂ.ಎಸ್. ಸತ್ಯು ಅವರದು, ನಮ್ಮ ಮೈಸೂರಿನವರು. ನಾನು ಇಲ್ಲಿನ ಹವ್ಯಾಸಿ ನಾಟಕ ತಂಡಗಳಿಗೆ ಸೆಟ್ ಮಾಡಿಕೊಡುತ್ತೇನೆ. ಒಮ್ಮೆ ಗೋಣಿಚೀಲಕ್ಕೆ ಸುಣ್ಣ ಬಳಿದು ಹಿಮಾಲಯ ಮಾಡಿದ್ದೆ. ಮೂರನೇ ಸಾಲಿನಲ್ಲಿ ಕೂತಿದ್ದ ಮಗುವೊಂದು 'ಅಕ್ಕಿ ಮೂಟೆ' ಅಂತ ಕೂಗಿತ್ತು. ಸತ್ಯು ಹಿಮವನ್ನು ಹೇಗೆ ನಿಭಾಯಿಸಿದ್ದಾರೆ ನೋಡೋಣ ಅಂತ ಭಾನುವಾರ ಮಧ್ಯಾಹ್ನ ಕೂತೆ. ಪಕ್ಕದಲ್ಲಿ ಅಮ್ಮ, ಅವರೆಕಾಳು ಸುಲಿಯುತ್ತಾ.

ಚಿತ್ರ ಬಂದದ್ದು 1964ರಲ್ಲಿ. ಚೀನಾ ಯುದ್ಧ ಮುಗಿದು ಎರಡೇ ವರ್ಷ. ಸೋತ ಯುದ್ಧದ ಮೇಲೆ ಇಷ್ಟು ಬೇಗ ಸಿನಿಮಾ ಮಾಡಲು ಗುಂಡಿಗೆ ಬೇಕು. ಅದನ್ನು ಮಾಡಿದವರು ಚೇತನ್ ಆನಂದ್. 1946ರಲ್ಲಿ 'ನೀಚಾ ನಗರ್' ಚಿತ್ರಕ್ಕೆ ಕಾನ್ ಚಿತ್ರೋತ್ಸವದ ದೊಡ್ಡ ಪ್ರಶಸ್ತಿ ತಂದವರು. ಆ ಯುದ್ಧದಲ್ಲಿ ಲಡಾಖಿನ ರೆಜಾಂಗ್ ಲಾ ಎಂಬ ಬೆಟ್ಟದ ದಾರಿಯಲ್ಲಿ ನಮ್ಮ ಸೇನೆಯ 13 ಕುಮಾಂವ್ ದಳದ ಒಂದು ತುಕಡಿ ಕೊನೆಯವರೆಗೂ ಕದಲದೆ ನಿಂತು, 114 ಜನ ಸತ್ತರಲ್ಲ, ಕಥೆಯ ಬೆನ್ನಿಗೆ ಆ ನೆನಪಿದೆ. ಹೆಸರುಗಳು ಮಾತ್ರ ಬೇರೆ.

ಹೊರಾಂಗಣ ನಿಜವಾದ ಲಡಾಖ್. ಬೋಳು ಗುಡ್ಡ, ಅದರ ಬುಡದಲ್ಲಿ ಇರುವೆ ಸಾಲಿನ ಹಾಗೆ ನಡೆಯುವ ಸೈನಿಕರು. ಅಲ್ಲಿಂದ ಸ್ಟುಡಿಯೋ ಬಂಕರಿಗೆ ಬಂದ ತಕ್ಷಣ ನನ್ನ ಕಣ್ಣು ಕಳ್ಳನನ್ನು ಹುಡುಕುವ ಹಾಗೆ ಹುಡುಕಿತು. ಸಿಕ್ಕಿತು ಕೂಡ. ಕೆಲವು ರಾತ್ರಿ ದೃಶ್ಯಗಳಲ್ಲಿ ಅಷ್ಟು ಚಳಿ ಅಂತಾರೆ, ಮಾತಾಡುವವರ ಬಾಯಿಂದ ಹಬೆಯೇ ಇಲ್ಲ! ಆದರೆ ಕಲ್ಲಿನ ಗೋಡೆ, ಕಂದಕ, ತಗ್ಗು ಮಾಡು, ಇವುಗಳಲ್ಲಿ ಮೋಸ ಕಾಣುವುದಿಲ್ಲ. ಜಾಗ ಇಕ್ಕಟ್ಟು. ನಾಲ್ಕು ಜನ ನಿಂತರೆ ಐದನೆಯವನು ಬಗ್ಗಲೇಬೇಕು. ಸೆಟ್ ಮಾಡುವವರಿಗೆ ಗೊತ್ತು, ನಟರಿಗೆ ಅನುಕೂಲ ಆಗಲಿ ಅಂತ ನಾವು ಯಾವಾಗಲೂ ಎರಡಡಿ ಜಾಸ್ತಿ ಬಿಡುತ್ತೇವೆ. ಇವರು ಬಿಟ್ಟಿಲ್ಲ. ಕಪ್ಪುಬಿಳುಪು ಬೇರೆ ಕೈ ಹಿಡಿದಿದೆ. ನಿಜವಾದ ಹಿಮ, ಮಾಡಿದ ಹಿಮ ಎರಡೂ ಒಂದೇ ಬೂದಿ ಬಣ್ಣ. ಈ ಕೆಲಸಕ್ಕೆ ಸತ್ಯು ಅವರಿಗೆ ಫಿಲ್ಮ್‌ಫೇರ್ ಪ್ರಶಸ್ತಿ ಬಂತು. ಸುಮ್ನೆ ಕೊಟ್ಟಿಲ್ಲ.

ಬೇಸರದ್ದೂ ಹೇಳಿಬಿಡುತ್ತೇನೆ. ಮೂರು ಗಂಟೆ ತುಂಬಾ ಉದ್ದ. ಧರ್ಮೇಂದ್ರ ಕ್ಯಾಪ್ಟನ್, ಪ್ರಿಯಾ ರಾಜವಂಶ್ ಲಡಾಖಿ ಹುಡುಗಿ. ಆಕೆಗೆ ಅದು ಮೊದಲ ಚಿತ್ರ. ಮಾತು ಕೇಳಿದರೆ ಕಾನ್ವೆಂಟಿನಿಂದ ಈಗ ತಾನೇ ಇಳಿದು ಬಂದ ಹಾಗಿದೆ. ಶತ್ರುಗಳ ಪಾತ್ರಗಳಂತೂ ನಮ್ಮ ಕಂಪನಿ ನಾಟಕದ ರಾಕ್ಷಸರು. ಮೇಜರ್ ಆಗಿರುವ ಬಲರಾಜ್ ಸಾಹ್ನಿ ಮಾತ್ರ ದನಿ ಏರಿಸುವುದೇ ಇಲ್ಲ. ಚಿತ್ರ ನಿಂತಿರುವುದು ಅವರ ಮೇಲೆ.

ಇನ್ನು ಹಾಡು. ಸಂಗೀತ ಮದನ್ ಮೋಹನ್, ಸಾಹಿತ್ಯ ಕೈಫಿ ಆಜ್ಮಿ. ಎಲ್ಲರಿಗೂ ಗೊತ್ತಿರುವುದು ಕೊನೆಯ 'ಕರ್ ಚಲೇ ಹಮ್ ಫಿದಾ'. ಆಗಸ್ಟ್ 15ಕ್ಕೆ ಮೈಕಿನಲ್ಲಿ ಕೇಳಿ ಕೇಳಿ ನನ್ನ ಕಿವಿ ಅದಕ್ಕೆ ಮರಗಟ್ಟಿದೆ. ನನ್ನನ್ನು ಹಿಡಿದದ್ದು 'ಹೋಕೆ ಮಜಬೂರ್'. ದಣಿದು ಕೂತ ಸೈನಿಕರು ಮನೆಯವಳನ್ನು ನೆನೆಯುತ್ತಾರೆ. ರಫಿ, ತಲತ್, ಮನ್ನಾ ಡೇ, ಆಗಿನ್ನೂ ಹೊಸಬ ಭೂಪಿಂದರ್, ನಾಲ್ವರೂ ಹಾಡಿದ್ದಾರೆ. ಭೂಪಿಂದರ್ ಪರದೆ ಮೇಲೂ ಇದ್ದಾರೆ. ಒಬ್ಬ ಬಿಟ್ಟ ಕಡೆ ಇನ್ನೊಬ್ಬ ಎತ್ತಿಕೊಳ್ಳುತ್ತಾನೆ. ಅಷ್ಟೆ, ಕ್ಯಾಮೆರಾ ಚೇಷ್ಟೆ ಏನೂ ಇಲ್ಲ.

ಅಮ್ಮ ಅವರೆಕಾಳು ಬಿಟ್ಟದ್ದು ಆಗಲೇ. ಚೀನಾ ಯುದ್ಧದ ಹೊತ್ತು ಅಂದರೆ, ರಕ್ಷಣಾ ನಿಧಿಗೆ ಅಂತ ಹೆಂಗಸರೆಲ್ಲ ಚಿನ್ನ ಕೊಟ್ಟ ಕಾಲ. ಅಮ್ಮನಿಗೆ ಆಗ ಹದಿನೇಳು. ಕಿವಿಯ ಓಲೆ ಬಿಚ್ಚಿ ಕೊಟ್ಟಿದ್ದರಂತೆ. ನನಗೆ ಇಷ್ಟು ವರ್ಷ ಹೇಳಿರಲಿಲ್ಲ.

"ಅದರಲ್ಲಿ ಇವರಿಗೆ ಒಂದೊಂದು ಸ್ವೆಟರಾದರೂ ಬಂತೇನೋ?" ಅಂದರು.

ನನ್ನ ಹತ್ತಿರ ಉತ್ತರ ಇರಲಿಲ್ಲ.

ಡಿವಿಡಿ ಬಗ್ಗೆ ಹೇಳುವುದಾದರೆ, 150 ರೂಪಾಯಿಗೆ ಇದಕ್ಕಿಂತ ಕೆಟ್ಟದ್ದು ಕೊಡಲು ಸಾಧ್ಯವಿಲ್ಲ. ಮೂಲೆಯಲ್ಲಿ ಕಂಪನಿಯ ದೊಡ್ಡ ಮುದ್ರೆ, ರಾತ್ರಿ ದೃಶ್ಯಗಳಲ್ಲಿ ಅದೊಂದೇ ಚೆನ್ನಾಗಿ ಕಾಣುತ್ತದೆ. ಸಬ್‌ಟೈಟಲ್ ಮಾತಿಗಿಂತ ಮುಂದೆ ಓಡುತ್ತದೆ. ಒಳ್ಳೆಯ ಪ್ರಿಂಟ್ ಸಿಕ್ಕರೆ ಅದನ್ನೇ ನೋಡಿ. ನೋಡಿದ ಮೇಲೆ 'ಗರಂ ಹವಾ' ಹುಡುಕಿ. ನಿರ್ದೇಶನ ಸತ್ಯು, ಬರವಣಿಗೆಯಲ್ಲಿ ಕೈಫಿ, ಮುಖ್ಯ ಪಾತ್ರದಲ್ಲಿ ಬಲರಾಜ್ ಸಾಹ್ನಿ. ಈ ಹಿಮದಲ್ಲಿ ಕೂಡಿದ್ದ ಮೂವರು ಸುಮಾರು ಹತ್ತು ವರ್ಷದ ಮೇಲೆ ಆಗ್ರಾದ ಒಂದು ಮನೆಯೊಳಗೆ ಮತ್ತೆ ಸೇರಿದ್ದಾರೆ.

ಸಂಜೆ ಅಮ್ಮ ಆ ನಾಲ್ವರ ಹಾಡು ಇನ್ನೊಮ್ಮೆ ಹಾಕು ಅಂದರು. ಮನ್ನಾ ಡೇ ಹತ್ತಿರ ಬಂದು ಡಿಸ್ಕ್ ಸಿಕ್ಕಿಕೊಂಡಿತು. ತೆಗೆದು, ಪಂಚೆ ತುದಿಯಲ್ಲಿ ಒರೆಸಿ, ಮತ್ತೆ ಹಾಕಿದೆ.