ಕನ್ನಡ ಜಾಲತಾಣಕ್ಕೆ ಗೂಗಲ್ ಫಾಂಟ್ಸ್: ಬಳಕೆದಾರರೊಬ್ಬರ ವಿಮರ್ಶೆ

ಕನ್ನಡ ಜಾಲತಾಣದ ಅಕ್ಷರಗಳ ರೂಪವನ್ನು ಖರ್ಚಿಲ್ಲದೆ ಬದಲಿಸಿಕೊಳ್ಳಬೇಕೆನ್ನುವವರು ಮೊದಲು ನೋಡಬೇಕಾದದ್ದು, 2010ರಿಂದ ನಡೆಯುತ್ತಿರುವ ಗೂಗಲ್ ಫಾಂಟ್ಸ್ ಸೇವೆಯನ್ನು. ಅಲ್ಲಿ ಕನ್ನಡವನ್ನು ಆರಿಸಿದರೆ ನೋಟೊ ಸ್ಯಾನ್ಸ್ ಕನ್ನಡ, ತಿರೊ ಕನ್ನಡ, ಅನೇಕ್ ಕನ್ನಡ, ಬಾಲೂ ತಮ್ಮ ಮುಂತಾದ ಫಾಂಟುಗಳು ಸಿಗುತ್ತವೆ. ಇವು ಮುಕ್ತ ಪರವಾನಗಿಯವಾದ್ದರಿಂದ ವ್ಯಾಪಾರದ ತಾಣಕ್ಕೂ ಧಾರಾಳವಾಗಿ ಬಳಸಬಹುದು.

ನನ್ನ ಮೆಚ್ಚುಗೆ ಅನೇಕ್ ಕನ್ನಡಕ್ಕೆ. ಏಕ್ ಟೈಪ್ ಸಂಸ್ಥೆ ರೂಪಿಸಿದ ಈ ವೇರಿಯಬಲ್ ಫಾಂಟಿನಲ್ಲಿ ದಪ್ಪವನ್ನು 100ರಿಂದ 800ರವರೆಗೆ, ಅಗಲವನ್ನು ಶೇ. 75ರಿಂದ 125ರವರೆಗೆ ಹೊಂದಿಸಬಹುದಾದ್ದರಿಂದ, ಮೊಬೈಲಿನ ಕಿರಿದಾದ ಪರದೆಯಲ್ಲಿ ಉದ್ದನೆಯ ಶೀರ್ಷಿಕೆಯನ್ನು ಅಕ್ಷರದ ಗಾತ್ರ ಕುಗ್ಗಿಸದೆಯೇ ಕೂರಿಸಲು ಅನುಕೂಲ. ದೀರ್ಘ ಬರಹಕ್ಕೆ ತಿರೊ ಕನ್ನಡ ಕಣ್ಣಿಗೆ ಹಿತವಾಗಿದೆಯಾದರೂ ಅದರಲ್ಲಿ ದಪ್ಪಕ್ಷರದ ರೂಪವಿಲ್ಲ. ಬ್ರೌಸರು ತಾನಾಗಿ ದಪ್ಪಗಾಗಿಸಿದ ಅಕ್ಷರಗಳಲ್ಲಿ ಒತ್ತುಗಳ ಸಂದು ಮುಚ್ಚಿಹೋದಂತೆ ಕಾಣುತ್ತದೆ.

ಫಾಂಟು ಬದಲಿಸಿದ ಮಾತ್ರಕ್ಕೆ ಕೆಲಸ ಮುಗಿಯದು. ರೋಮನ್ ಲಿಪಿಗೆಂದು ಸಿದ್ಧಪಡಿಸಿದ ಥೀಮಿನಲ್ಲಿ (ತಾಣದ ಸಿದ್ಧ ವಿನ್ಯಾಸದಲ್ಲಿ) ಸಾಲುಗಳ ಅಂತರ ಅಕ್ಷರದ ಗಾತ್ರದ 1.2 ಪಟ್ಟು ಮಾತ್ರ ಇದ್ದರೆ, ‘ರಾಷ್ಟ್ರ’ದಂತಹ ಪದದ ಒತ್ತುಗಳು ಕೆಳಗಿನ ಸಾಲಿನ ಗುಡಿಸು, ಏತ್ವಗಳಿಗೆ ತಾಗುವಷ್ಟು ಹತ್ತಿರ ಬರುತ್ತವೆ; ಅದನ್ನು 1.6ಕ್ಕೆ ಏರಿಸಿ, ಅಕ್ಷರಗಳ ನಡುವಿನ ಅಂತರವನ್ನು ಸೊನ್ನೆಯಲ್ಲೇ ಇಡುವುದು ಲೇಸು.

ಫಾಂಟ್ ಕಡತಗಳನ್ನು ಇಳಿಸಿಕೊಂಡು ಸ್ವಂತ ಸರ್ವರಿನಲ್ಲೇ ಇಡುವುದಕ್ಕೂ ಅಡ್ಡಿಯಿಲ್ಲ. ಗೂಗಲ್ ಸರ್ವರಿನಿಂದ ನೇರವಾಗಿ ತರಿಸಿದಾಗ ಓದುಗರ ಐಪಿ ವಿಳಾಸ (ಅಂತರಜಾಲದಲ್ಲಿ ಅವರ ಸಂಪರ್ಕವನ್ನು ಗುರುತಿಸುವ ಸಂಖ್ಯೆ) ಅಲ್ಲಿಗೆ ತಲುಪುತ್ತದೆಂಬ ಕಾರಣಕ್ಕೆ, 2022ರಲ್ಲಿ ಜರ್ಮನಿಯ ಮ್ಯೂನಿಕ್ ನ್ಯಾಯಾಲಯವೊಂದು 100 ಯೂರೊ ಪರಿಹಾರ ನೀಡುವಂತೆ ತಾಣವೊಂದರ ಮಾಲೀಕರಿಗೆ ಆದೇಶಿಸಿತ್ತು. ಯುರೋಪಿನ ಕನ್ನಡ ಸಂಘಗಳ ತಾಣ ನೋಡಿಕೊಳ್ಳುವವರು ಫಾಂಟುಗಳನ್ನು ಸ್ವಂತ ಸರ್ವರಿನಲ್ಲಿಡುವ ದಾರಿಯನ್ನೇ ಹಿಡಿಯುವುದು ಕ್ಷೇಮ.