ಚಂದನ ವಾಹಿನಿ: ನೋಡಬೇಕಾದ್ದೇನು, ಹಿಡಿಯುವುದು ಹೇಗೆ

ಯಾವುದೇ ವಿಷಯವನ್ನು ಕೂಗಾಟವಿಲ್ಲದೆ, ನಡುವೆ ಕತ್ತರಿಸದೆ ಪೂರ್ತಿ ಹೇಳಿ ಮುಗಿಸುವ ಕನ್ನಡ ವಾಹಿನಿ ಬೇಕೆಂದರೆ ಇಂದಿಗೂ ದೂರದರ್ಶನದ ಚಂದನವನ್ನೇ ಹಾಕಬೇಕು. ಬೆಂಗಳೂರು ಕೇಂದ್ರದಿಂದ ನಡೆಯುವ ಈ ವಾಹಿನಿಯ ದೊಡ್ಡ ಆಸ್ತಿ ಅದರ ನಿಧಾನ. ಅದೇ ಅದರ ದೋಷವೆನ್ನುವವರೂ ಇದ್ದಾರೆ. ಆ ಮಾತನ್ನು ಒಪ್ಪಲಾಗದು.

ಮೊದಲು ನೋಡಬೇಕಾದ್ದು ‘ಥಟ್ ಅಂತ ಹೇಳಿ’. ವೈದ್ಯರೂ ವಿಜ್ಞಾನ ಲೇಖಕರೂ ಆದ ಡಾ. ನಾ. ಸೋಮೇಶ್ವರ 2002ರಿಂದ ನಡೆಸಿಕೊಂಡು ಬಂದ ಈ ಕ್ವಿಜ್‌ನಲ್ಲಿ ಸರಿಯುತ್ತರಕ್ಕೆ ಸಿಗುವುದು ಹಣವಲ್ಲ, ಕನ್ನಡ ಪುಸ್ತಕ. ಆದರೆ ಕಾರ್ಯಕ್ರಮದ ನಿಜವಾದ ಬೆಲೆ ಇರುವುದು ಉತ್ತರ ಬಂದ ಮೇಲೆ. ಆ ಹೆಸರು ಎಲ್ಲಿಂದ ಬಂತು, ಆ ಕಾಯಿಲೆ ಏಕೆ ಬರುತ್ತದೆ, ಆ ವಚನ ಯಾರದು ಎಂಬ ವಿವರಣೆ ಅಲ್ಲಿ ಸಿಗುತ್ತದೆ. ಸ್ಪರ್ಧಾತ್ಮಕ ಪರೀಕ್ಷೆಗೆ ಓದುವವರು ಪ್ರಶ್ನೆಯನ್ನಷ್ಟೇ ಬರೆದುಕೊಂಡು ವಿವರಣೆ ಬಿಟ್ಟರೆ ಅರ್ಧ ಲಾಭವೂ ಇಲ್ಲ.

ಕೃಷಿ ಕಾರ್ಯಕ್ರಮಗಳನ್ನು ಸ್ವಲ್ಪ ಎಚ್ಚರದಿಂದ ನೋಡಬೇಕು. ದೂರದರ್ಶನದ ರೈತರ ಕಾರ್ಯಕ್ರಮ ‘ಕೃಷಿ ದರ್ಶನ’ದ ಪರಂಪರೆ ದೆಹಲಿಯಲ್ಲಿ 1967ರ ಜನವರಿ 26ರಂದು ಶುರುವಾದದ್ದು. ಆದರೆ ಕರ್ನಾಟಕವೊಂದರಲ್ಲೇ 10 ಕೃಷಿ ಹವಾಮಾನ ವಲಯಗಳಿವೆ. ಮಲೆನಾಡಿನ ಅಡಿಕೆ ತೋಟಕ್ಕೆ ಹೇಳಿದ ಸಲಹೆಯನ್ನು ರಾಯಚೂರಿನ ಕಪ್ಪು ಮಣ್ಣಿಗೆ ಹಚ್ಚಿದರೆ ಬೆಳೆ ಹಾಳು. ತಳಿಯ ಹೆಸರು, ಎಕರೆಗೆ ಎಷ್ಟು ಬೀಜ, ಲೀಟರ್ ನೀರಿಗೆ ಎಷ್ಟು ಔಷಧ, ಯಾವ ವಲಯಕ್ಕೆ ಎಂಬ ನಾಲ್ಕನ್ನು ಅಲ್ಲೇ ಬರೆದಿಟ್ಟುಕೊಳ್ಳಿ. ವಲಯ ಹೇಳದಿದ್ದರೆ ಹತ್ತಿರದ ರೈತ ಸಂಪರ್ಕ ಕೇಂದ್ರದಲ್ಲಿ ಕೇಳದೆ ಸಿಂಪಡಿಸಬೇಡಿ.

ವಾರ್ತೆಯಲ್ಲಿ ಅಬ್ಬರವಿಲ್ಲ. ಸರ್ಕಾರದ ಪ್ರಕಟಣೆಗಳಿಗೆ ಜಾಗ ಹೆಚ್ಚು, ಪ್ರಶ್ನೆಗಳಿಗೆ ಕಡಿಮೆ. ಜೊತೆಗೆ ಒಂದು ಪತ್ರಿಕೆಯನ್ನೂ ಓದಲೇಬೇಕು. ಇನ್ನು ಸಾರ್ವಜನಿಕ ವಾಹಿನಿ ಏಕೆ ಬೇಕೆಂದು ಕೇಳುವವರಿಗೆ 2020ರ ಜುಲೈಯೇ ಉತ್ತರ: ಶಾಲೆಗಳು ಮುಚ್ಚಿದ್ದಾಗ 8ರಿಂದ 10ನೇ ತರಗತಿಯ ‘ಸಂವೇದ’ ಪಾಠಗಳು ಬಂದದ್ದು ಇಲ್ಲೇ, ಇಂಟರ್ನೆಟ್ ಇಲ್ಲದ ಮನೆಗಳಿಗೂ.

ಈಗ ಹಿಡಿಯುವ ವಿಚಾರ. ಮಾಳಿಗೆಯ ಮೇಲಿನ ಹಳೆಯ ಮೀನಿನ ಮುಳ್ಳಿನಂಥ ಆಂಟೆನಾದ ಆಸೆ ಬಿಡಿ. ಅನಲಾಗ್ ಪ್ರಸಾರ 2022ರ ಹೊತ್ತಿಗೆ ಬಹುಪಾಲು ನಿಂತಿದೆ. ತಿಂಗಳ ಬಾಡಿಗೆ ಇಲ್ಲದ ದಾರಿ ದೂರದರ್ಶನದ ಉಚಿತ ಡಿಶ್ ಸೇವೆಯಾದ ಡಿಡಿ ಫ್ರೀ ಡಿಶ್. ಉಪಗ್ರಹ ಜಿಸ್ಯಾಟ್-15, ಪೂರ್ವ ರೇಖಾಂಶ 93.5 ಡಿಗ್ರಿ. ಬೆಂಗಳೂರಿನಿಂದ ದಿಕ್ಸೂಚಿಯಲ್ಲಿ ಸುಮಾರು 128 ಡಿಗ್ರಿ, ನೆಲಮಟ್ಟದಿಂದ ಎತ್ತರದ ಕೋನ 66 ಡಿಗ್ರಿ. ಕಲಬುರಗಿಯಿಂದ ಸುಮಾರು 135 ಮತ್ತು 62. ಎಂದರೆ ಆಗ್ನೇಯ ದಿಕ್ಕು, ಸಾಕಷ್ಟು ಮೇಲೆ. ತಪ್ಪಾಗುವುದು ಇಲ್ಲೇ: ಮನೆಗಳ ಡಿಶ್‌ಗಳು ಆಫ್‌ಸೆಟ್ ಮಾದರಿಯವು (ಅಲೆ ಹಿಡಿಯುವ ಭಾಗ ನಟ್ಟನಡುವೆ ಇರದೆ ಕೆಳಬದಿಗಿರುವಂಥವು), ಅವುಗಳ ಮುಖ ನಿಜವಾದ ಎತ್ತರಕ್ಕಿಂತ ಇಪ್ಪತ್ತು ಡಿಗ್ರಿಗೂ ಹೆಚ್ಚು ಕೆಳಗೆ ಬಾಗಿದಂತೆ ಕಾಣುತ್ತದೆ. ಕಣ್ಣಂದಾಜಿನಲ್ಲಿ 66ಕ್ಕೆ ಎತ್ತಿದರೆ ಸಿಗ್ನಲ್ ಸಿಗದು. ಹಿಂಬದಿಯ ಬ್ರಾಕೆಟ್ ಮೇಲಿನ ಅಂಕಿಯನ್ನೇ ನಂಬಿ. ಕಂಬ ಲಂಬವಾಗಿ ನಿಂತಿರಬೇಕು, ಇಲ್ಲದಿದ್ದರೆ ಆ ಅಂಕಿಯೂ ಸುಳ್ಳಾಗುತ್ತದೆ.

ಟಿವಿಗೆ ಜೋಡಿಸುವ ಸೆಟ್-ಟಾಪ್ ಬಾಕ್ಸ್‌ನ ಮೆನುವಿನಲ್ಲಿ ಎಲ್‌ಎನ್‌ಬಿ (ಡಿಶ್‌ನ ಮುಂದೆ ಹಿಡಿಕೆಯಲ್ಲಿರುವ, ಅಲೆ ಹಿಡಿಯುವ ಭಾಗ) ಆಯ್ಕೆ 9750/10600 ಇರಲಿ. ತೆರೆಯ ಮೇಲಿನ ಸ್ಟ್ರೆಂತ್ ಪಟ್ಟಿ ತುಂಬಿದ್ದಕ್ಕೆ ಸಂಭ್ರಮಿಸಬೇಡಿ, ಎಲ್‌ಎನ್‌ಬಿಗೆ ಕರೆಂಟ್ ತಲುಪಿದರೆ ಸಾಕು, ಅದು ಏರುತ್ತದೆ; ಏರಬೇಕಾದ್ದು ಕ್ವಾಲಿಟಿ ಪಟ್ಟಿ. ಡಿಶ್ಶನ್ನು ಬೆರಳಗಲದಷ್ಟು ಸರಿಸಿ, ಎರಡು ಮೂರು ಸೆಕೆಂಡ್ ಕಾದು, ಮತ್ತೆ ಸರಿಸಿ. ನಟ್ಟು ಬಿಗಿ ಮಾಡುವ ಮೊದಲು ಎಲ್‌ಎನ್‌ಬಿಯನ್ನು ಹಿಡಿಕೆಯಲ್ಲೇ ತುಸು ತಿರುಗಿಸಿ ನೋಡಿ: ಉಪಗ್ರಹ ನಮಗಿಂತ ಪೂರ್ವಕ್ಕಿರುವುದರಿಂದ ಅಲೆ ಓರೆಯಾಗಿ ಬರುತ್ತದೆ, ಕ್ವಾಲಿಟಿ ಇನ್ನಷ್ಟು ಸಿಗಬಹುದು. ಕ್ವಾಲಿಟಿ ಅಂಚಿನಲ್ಲೇ ಬಿಟ್ಟರೆ ಮೊದಲ ಜೋರು ಮಳೆಗೇ ಚಿತ್ರ ಚೌಕಚೌಕವಾಗಿ ಒಡೆಯುತ್ತದೆ. ಕೇಬಲ್ ಕನೆಕ್ಟರ್‌ಗೆ ನೀರು ಇಳಿಯದಂತೆ ಟೇಪ್ ಸುತ್ತಿ.

ಚಂದನ ಇದ್ದಕ್ಕಿದ್ದಂತೆ ಮಾಯವಾದರೆ ಡಿಶ್ ಮುಟ್ಟಬೇಡಿ. ವಾಹಿನಿಗಳ ಜಾಗ ಬದಲಾಗುತ್ತಿರುತ್ತದೆ, ಆಟೊ ಸ್ಕ್ಯಾನ್ ಮಾಡಿ. ಆಮೇಲೂ ಬಾರದಿದ್ದರೆ ಬಾಕ್ಸ್ ಹಳೆಯ ಎಂಪೆಗ್-2 ಮಾದರಿಯದೋ ಎಂದು ನೋಡಿ, ಅದು ಚಿತ್ರ ಕಳಿಸುವ ಹೊಸ ವಿಧಾನವಾದ ಎಂಪೆಗ್-4ರ ವಾಹಿನಿಗಳನ್ನು ತೋರಿಸದು. ಕೇಬಲ್ ಮನೆಗಳಿಗೆ ಈ ತಾಪತ್ರಯವಿಲ್ಲ: ಸರ್ಕಾರ ಸೂಚಿಸಿದ ದೂರದರ್ಶನ ವಾಹಿನಿಗಳನ್ನು ಆಪರೇಟರ್ ಕೊಡಲೇಬೇಕೆಂದು 1995ರ ಕೇಬಲ್ ಕಾಯ್ದೆಯ 8ನೇ ಕಲಮು ಹೇಳುತ್ತದೆ. ನೇರ ಪ್ರಸಾರಗಳಿದ್ದ ದಿನ ವೇಳಾಪಟ್ಟಿ ಏರುಪೇರಾಗಿ ಕಾರ್ಯಕ್ರಮ ತಪ್ಪಿದರೆ, ವಾಹಿನಿಯ ಯೂಟ್ಯೂಬ್ ಪುಟದಲ್ಲಿ ಹುಡುಕಿ.