ಲಿನಕ್ಸ್ ಲ್ಯಾಪ್‌ಟಾಪಿಗೆ ಇಂಟೆಲ್ ಎಎಕ್ಸ್210 ವೈಫೈ ಕಾರ್ಡ್: 2022ರಿಂದ ಬಳಸಿದ ಮೇಲೆ

ನನ್ನ ಲ್ಯಾಪ್‌ಟಾಪಿಗೆ ಇಂಟೆಲ್ ಎಎಕ್ಸ್210 ಕಾರ್ಡ್ ಹಾಕಿದ್ದು 2022ರಲ್ಲಿ. ಅವತ್ತಿನಿಂದ ಅದೇ ಇದೆ. ದಿನಾ ಆಫೀಸ್ ಕೆಲಸ, ವಿಡಿಯೋ ಕಾಲ್, ಮಗಳ ಪಾಠ ಎಲ್ಲ ಅದರ ಮೇಲೇ ನಡೆದಿದೆ. ಆಗ ಉಬುಂಟು 22.04 ಇತ್ತು, ಈಗ 24.04 ಇದೆ. ಕೊಂಡ ವಾರದಲ್ಲೇ ಬರೆದ ವಿಮರ್ಶೆಗಳು ಬೇಕಾದಷ್ಟು ಸಿಗುತ್ತವೆ. ಆದರೆ ಲಿನಕ್ಸ್‌ನಲ್ಲಿ ವೈಫೈ ಕಾರ್ಡಿನ ಗುಣ ಗೊತ್ತಾಗುವುದು ಕರ್ನಲ್ (ಲಿನಕ್ಸ್‌ನ ತಿರುಳು ಭಾಗ) ಹಲವು ಸಲ ಬದಲಾದ ಮೇಲೆ, ಅದಕ್ಕೇ ಇಷ್ಟು ಕಾಲ ಬಿಟ್ಟು ಬರೆಯುತ್ತಿದ್ದೇನೆ. ಮೊದಲೇ ಹೇಳಿಬಿಡುತ್ತೇನೆ: ನಿಮ್ಮ ಕಾರ್ಡಿನ ಡ್ರೈವರ್ (ಕಾರ್ಡನ್ನು ನಡೆಸುವ ಪ್ರೋಗ್ರಾಂ) ಕರ್ನಲ್ ಒಳಗೆ ಇಲ್ಲ ಅಂದರೆ, ಆ ಡ್ರೈವರ್ ಜೊತೆ ಗುದ್ದಾಡುವುದಕ್ಕಿಂತ ಕಾರ್ಡ್ ಬದಲಿಸುವುದು ಒಳ್ಳೆಯದು. ಆದರೆ ಬದಲಿಸುವ ಮುಂಚೆ ತೊಂದರೆ ಇರುವುದು ಡ್ರೈವರಿನಲ್ಲೇನಾ ಅಂತ ನೋಡಿಕೊಳ್ಳಲೇಬೇಕು. ಎಷ್ಟೋ ಸಲ ಅಲ್ಲಿ ಇರುವುದೇ ಇಲ್ಲ.

ಲ್ಯಾಪ್‌ಟಾಪ್ ಜೊತೆ ಬಂದಿದ್ದ ಕಾರ್ಡ್ ಒಂದೇ ಆಂಟೆನಾದ್ದು. ಯಾವ ಕಂಪನಿಯದು ಅನ್ನುವುದು ಇಲ್ಲಿ ಮುಖ್ಯ ಅಲ್ಲ. ಆಗಿನ ಕರ್ನಲ್‌ನಲ್ಲಿ ಅದಕ್ಕೆ ಡ್ರೈವರ್ ಇರಲಿಲ್ಲ. ಹೊರಗಿನಿಂದ ಸೋರ್ಸ್ ಕೋಡ್ ಇಳಿಸಿಕೊಂಡು ಡಿಕೆಎಂಎಸ್ ಮೂಲಕ ಹಾಕಿಕೊಳ್ಳಬೇಕಿತ್ತು. ಡಿಕೆಎಂಎಸ್ ಅಂದರೆ ಕರ್ನಲ್ ಅಪ್‌ಡೇಟ್ ಆದಾಗಲೆಲ್ಲ ಡ್ರೈವರನ್ನು ಹೊಸ ಕರ್ನಲ್‌ಗೆ ತಕ್ಕಂತೆ ಮತ್ತೆ ಕಂಪೈಲ್ ಮಾಡುವ ವ್ಯವಸ್ಥೆ. ಕೇಳುವುದಕ್ಕೆ ಚೆನ್ನಾಗಿದೆ ಅಲ್ವಾ? ಆದರೆ ಕರ್ನಲ್ ಒಳಗಿನ ಫಂಕ್ಷನ್‌ಗಳು ಒಂದು ಆವೃತ್ತಿಯಿಂದ ಇನ್ನೊಂದಕ್ಕೆ ಬದಲಾಗುತ್ತಲೇ ಇರುತ್ತವೆ. ಒಳಗಿರುವ ಡ್ರೈವರ್‌ಗಳನ್ನು ಆ ಬದಲಾವಣೆ ಮಾಡಿದವರೇ ಜೊತೆಗೆ ತಿದ್ದುತ್ತಾರೆ. ಹೊರಗಿನ ಡ್ರೈವರ್ ಮಾತ್ರ ಹಾಗೇ ಉಳಿಯುತ್ತದೆ. ಕಂಪೈಲ್ ಆಗುವುದಿಲ್ಲ, ಬೆಳಿಗ್ಗೆ ಲ್ಯಾಪ್‌ಟಾಪ್ ತೆರೆದರೆ ವೈಫೈ ಇಲ್ಲ, ಸರಿಪಡಿಸೋಣ ಅಂದರೆ ಅದಕ್ಕೂ ಇಂಟರ್ನೆಟ್ ಬೇಕು. ಇಂಥ ಹೊತ್ತಿಗೆ ಫೋನನ್ನು ಯುಎಸ್‌ಬಿ ಕೇಬಲ್‌ನಲ್ಲಿ ಚುಚ್ಚಿ ಟೆದರಿಂಗ್ ಹಾಕಿ. ಆಂಡ್ರಾಯ್ಡ್ ಫೋನ್ ಆದರೆ ಬೇರೆ ಡ್ರೈವರ್ ಬೇಡ, ಲಿನಕ್ಸ್ ಅದನ್ನು ತಂತಿಯ ನೆಟ್‌ವರ್ಕ್ ಅಂತಲೇ ತಗೊಳ್ಳುತ್ತದೆ. ಅಷ್ಟು ಆಗುವವರೆಗೆ ಬೂಟ್ ಆಗುವಾಗ ಬರುವ ಗ್ರಬ್ ಮೆನುವಿನ ಅಡ್ವಾನ್ಸ್ಡ್ ಆಯ್ಕೆಯಲ್ಲಿ ಹಳೆಯ ಕರ್ನಲ್ ಹಿಡಿದು ಬೂಟ್ ಮಾಡಿದರೂ ಕೆಲಸ ನಡೆಯುತ್ತದೆ. ಹಳೆಯ ಕರ್ನಲ್ ಒಂದನ್ನಾದರೂ ಅಳಿಸದೆ ಇಟ್ಟುಕೊಂಡಿರಿ.

ಸೆಕ್ಯೂರ್ ಬೂಟ್, ಅಂದರೆ ನಂಬಿಕೆಯ ಸಹಿ ಇಲ್ಲದ ಕೋಡನ್ನು ತಡೆಯುವ ವ್ಯವಸ್ಥೆ, ಆನ್ ಇದ್ದರೆ ಇನ್ನೊಂದು ಗೋಜಲು. ಡಿಕೆಎಂಎಸ್ ಡ್ರೈವರ್ ಸರಿಯಾಗಿ ಕಂಪೈಲ್ ಆಗಿರುತ್ತದೆ, ಆದರೆ ಅದರ ಸಹಿಯನ್ನು ಕರ್ನಲ್ ಒಪ್ಪುವುದಿಲ್ಲ. ಡ್ರೈವರನ್ನು ಲೋಡ್ ಮಾಡುವ ಮಾಡ್‌ಪ್ರೋಬ್ ಕಮಾಂಡ್ ಕೊಟ್ಟರೆ ಕೀ ತಿರಸ್ಕಾರವಾಯಿತು ಅನ್ನುವ ಅರ್ಥದ ಒಂದೇ ಸಾಲು ಬರುತ್ತದೆ. ಇನ್‌ಸ್ಟಾಲ್ ಮಾಡುವಾಗ ಒಂದು ಪಾಸ್‌ವರ್ಡ್ ಕೇಳಿರುತ್ತದೆ ನೋಡಿ, ಅದನ್ನು ಮುಂದಿನ ಬೂಟ್‌ನಲ್ಲಿ ಬರುವ ನೀಲಿ ಪರದೆಯಲ್ಲಿ ಕೊಟ್ಟು ಕೀಯನ್ನು ಸೇರಿಸಬೇಕು. ಆ ಪರದೆ ಕೆಲವೇ ಸೆಕೆಂಡು ಕಾಯುತ್ತದೆ. ತಪ್ಪಿಹೋದರೆ ಮೊದಲಿನಿಂದ ಶುರು ಮಾಡಬೇಕು.

ಹಾಗಂತ ಹೊರಗಿನ ಡ್ರೈವರ್ ಬರೆದು ಕೊಡುವವರ ಮೇಲೆ ನನಗೆ ಕೋಪ ಇಲ್ಲ. ಬಹಳಷ್ಟು ಮಂದಿ ಸಂಬಳವಿಲ್ಲದೆ, ಬಿಡುವಿನ ವೇಳೆಯಲ್ಲಿ ಮಾಡಿದ ಕೆಲಸ ಅದು. ಲ್ಯಾರಿ ಫಿಂಗರ್ ಹೆಸರು ಇಲ್ಲಿ ಹೇಳಲೇಬೇಕು. ಬ್ರಾಡ್‌ಕಾಮ್‌ನ ಹಳೆಯ ಚಿಪ್‌ಗಳಿಗೆ ಬಿ43 ಡ್ರೈವರ್, ಆಮೇಲೆ ರಿಯಲ್‌ಟೆಕ್ ಚಿಪ್‌ಗಳ ಡ್ರೈವರ್‌ಗಳು, ಹೀಗೆ ಸುಮಾರು ಎರಡು ದಶಕ ದುಡಿದು 2024ರ ಜೂನ್‌ನಲ್ಲಿ ತೀರಿಕೊಂಡರು. ಅವರ ಕೋಡ್ ಇಲ್ಲದಿದ್ದರೆ ಎಷ್ಟೋ ಅಗ್ಗದ ಲ್ಯಾಪ್‌ಟಾಪ್‌ಗಳಲ್ಲಿ ಲಿನಕ್ಸ್ ಹಾಕಿ ಪ್ರಯೋಜನವೇ ಇರುತ್ತಿರಲಿಲ್ಲ. ಈಗ ಕಾಲ ಬದಲಾಗಿದೆ. ರಿಯಲ್‌ಟೆಕ್‌ನ ಆರ್‌ಟಿಡಬ್ಲ್ಯು88 ಡ್ರೈವರ್ 2019ರಲ್ಲಿ ಕರ್ನಲ್ 5.2ಕ್ಕೆ ಸೇರಿತು, ಆರ್‌ಟಿಡಬ್ಲ್ಯು89 ಡ್ರೈವರ್ 2022ರಲ್ಲಿ ಬಿಡುಗಡೆಯಾದ 5.16ಕ್ಕೆ ಸೇರಿತು. ಹಾಗಾಗಿ ಎಂದೋ ಓದಿದ ಸಲಹೆ ನಂಬಿ ಹೊರಗಿನ ಡ್ರೈವರ್ ಹುಡುಕುವ ಮೊದಲು, ನಿಮ್ಮ ಚಿಪ್‌ಗೆ ಈಗಿನ ಕರ್ನಲ್‌ನಲ್ಲೇ ಡ್ರೈವರ್ ಬಂದಿದೆಯಾ ನೋಡಿ. ಎಷ್ಟೋ ಮಂದಿಗೆ ಕರ್ನಲ್ ಹೊಸದು ಮಾಡಿದರೆ ಸಾಕು, ದುಡ್ಡು ಖರ್ಚು ಮಾಡುವುದೇ ಬೇಡ.

ಈಗ ಪರೀಕ್ಷೆಯ ವಿಷಯ. ನಾನು ಯಾರ ಲ್ಯಾಪ್‌ಟಾಪ್ ನೋಡಿದರೂ ಇದೇ ಕ್ರಮ. ಮೊದಲು ಆರ್‌ಎಫ್‌ಕಿಲ್ ಲಿಸ್ಟ್ (rfkill list) ಕಮಾಂಡ್, ವೈಫೈ ಆಫ್ ಆಗಿದೆಯಾ ಅಂತ ಅದು ತೋರಿಸುತ್ತದೆ. ಸಾಫ್ಟ್ ಬ್ಲಾಕ್ ಅಂತ ತೋರಿಸಿದರೆ ಒಂದು ಕಮಾಂಡಿನಲ್ಲಿ ತೆಗೆಯಬಹುದು. ಹಾರ್ಡ್ ಬ್ಲಾಕ್ ಅಂದರೆ ಕೀಬೋರ್ಡಿನ ವಿಮಾನದ ಬಟನ್, ಪಕ್ಕದ ಸ್ವಿಚ್ ಅಥವಾ ಬಯಾಸ್ (ಲ್ಯಾಪ್‌ಟಾಪ್ ಆನ್ ಆದ ಕೂಡಲೇ ಓಡುವ ಮೂಲ ಪ್ರೋಗ್ರಾಂ) ಸೆಟ್ಟಿಂಗ್ ನೋಡಬೇಕು, ಸಾಫ್ಟ್‌ವೇರ್‌ನಿಂದ ಹೋಗುವುದಿಲ್ಲ. ಆಮೇಲೆ ಎಲ್‌ಎಸ್‌ಪಿಸಿಐ ಕಮಾಂಡಿಗೆ ಎನ್‌ಎನ್‌ಕೆ ಸೇರಿಸಿ (lspci -nnk) ಕೊಡಿ. ಕಾರ್ಡಿನ ಹೆಸರು, ಅದರ ನಂಬರ್, ಕೆಳಗೆ ಯಾವ ಡ್ರೈವರ್ ಬಳಕೆಯಲ್ಲಿದೆ ಅನ್ನುವ ಸಾಲು ಬರುತ್ತದೆ. ಎಎಕ್ಸ್210 ಆದರೆ ನಂಬರ್ 8086:2725, ಡ್ರೈವರ್ ಐಡಬ್ಲ್ಯುಎಲ್ ವೈಫೈ. ಕಾರ್ಡಿನ ಹೆಸರೇ ಇಲ್ಲ ಅಂದರೆ ಕಾರ್ಡ್ ಸಡಿಲವಾಗಿದೆ, ಸತ್ತಿದೆ ಅಥವಾ ಬಯಾಸ್‌ನಲ್ಲಿ ಆಫ್ ಆಗಿದೆ. ಹೆಸರು ಇದೆ, ಡ್ರೈವರ್ ಸಾಲು ಇಲ್ಲ ಅಂದರೆ ಡ್ರೈವರ್‌ದೇ ತೊಂದರೆ. ಎರಡೂ ಇದೆ, ಆದರೂ ನೆಟ್‌ವರ್ಕ್ ಕಾಣುತ್ತಿಲ್ಲ ಅಂದರೆ ಕರ್ನಲ್ ಬರೆದಿಡುವ ಸಂದೇಶಗಳ ಪಟ್ಟಿಯಾದ ಡಿಮೆಸೇಜ್ (dmesg) ತೆರೆದು ಫರ್ಮ್‌ವೇರ್ ಅನ್ನುವ ಪದ ಹುಡುಕಿ. ಡ್ರೈವರ್ ಬೇರೆ, ಫರ್ಮ್‌ವೇರ್ ಬೇರೆ. ಡ್ರೈವರ್ ಕರ್ನಲ್‌ನಲ್ಲಿ ಇರುತ್ತದೆ. ಫರ್ಮ್‌ವೇರ್ ಕಾರ್ಡಿನ ಒಳಗೇ ಓಡುವ ಪ್ರೋಗ್ರಾಂ, ಅದರ ಫೈಲ್ ಲಿನಕ್ಸ್ ಫರ್ಮ್‌ವೇರ್ ಪ್ಯಾಕೇಜ್‌ನಿಂದ ಬರಬೇಕು. ಡೆಬಿಯನ್ ಅನ್ನುವ ಲಿನಕ್ಸ್‌ನಲ್ಲಿ 11ನೇ ಆವೃತ್ತಿಯವರೆಗೆ ಸಾಮಾನ್ಯ ಇನ್‌ಸ್ಟಾಲರ್‌ನಲ್ಲಿ ಈ ಫೈಲುಗಳು ಇರುತ್ತಿರಲಿಲ್ಲ. 2023ರಲ್ಲಿ ಬಂದ ಡೆಬಿಯನ್ 12ರಿಂದ ಜೊತೆಗೇ ಬರುತ್ತವೆ. ಹಳೆಯ ಡೆಬಿಯನ್ ಹಾಕಿ ಕಾರ್ಡ್ ಕೆಟ್ಟಿದೆ ಅಂದುಕೊಂಡವರನ್ನು ನಾನು ಕಂಡಿದ್ದೇನೆ. ಕಾರ್ಡ್ ಚೆನ್ನಾಗೇ ಇತ್ತು, ಫೈಲ್ ಇರಲಿಲ್ಲ ಅಷ್ಟೇ.

ಇದೆಲ್ಲ ಸರಿಯಿದ್ದೂ ನಿಧಾನ ಅಂದರೆ ಐಡಬ್ಲ್ಯು (iw) ಕಮಾಂಡಿನಲ್ಲಿ ಲಿಂಕ್ ನೋಡಿ. ಸಿಗ್ನಲ್ ಮೈನಸ್ 50 ಡಿಬಿಎಂ (ಸಿಗ್ನಲ್ ಬಲದ ಅಳತೆ) ಹತ್ತಿರ ಇದ್ದರೆ ಚೆನ್ನಾಗಿದೆ, ಮೈನಸ್ 70 ದಾಟಿದರೆ ದುರ್ಬಲ, ಮೈನಸ್ 80ರಲ್ಲಿ ಯಾವ ಡ್ರೈವರ್ ಬಂದರೂ ಏನೂ ಆಗುವುದಿಲ್ಲ. ಅದಕ್ಕೆ ರೂಟರ್ ಜಾಗ ಬದಲಿಸಿ, ಅಲ್ಲಿ ಕರ್ನಲ್‌ನ ಪಾತ್ರ ಏನೂ ಇಲ್ಲ.

ನನ್ನ ಹಳೆಯ ಕಾರ್ಡ್ ಈ ಪರೀಕ್ಷೆಯಲ್ಲಿ ಡ್ರೈವರ್‌ನಲ್ಲೇ ಸಿಕ್ಕಿಬಿತ್ತು. ಹಾಗಾಗಿ ಬೆಂಗಳೂರಿಗೆ ಹೋದಾಗ ಎಸ್‌ಪಿ ರೋಡಿನಲ್ಲಿ ವಿಚಾರಿಸಿದೆ. ಅಂಗಡಿಯವರು "ಸರ್, 211 ಇನ್ನೂ ಹೊಸದು, ಅದನ್ನೇ ತಗೊಳ್ಳಿ" ಅಂದರು. ಕೊಳ್ಳುವವರು ಇಲ್ಲಿ ಎಚ್ಚರವಾಗಿರಿ. ಎಎಕ್ಸ್200 ಮತ್ತು ಎಎಕ್ಸ್210 ಪೂರ್ತಿ ಕಾರ್ಡ್‌ಗಳು, ಪಿಸಿಐ ಎಕ್ಸ್‌ಪ್ರೆಸ್‌ನಲ್ಲಿ ಕೂರುತ್ತವೆ, ಎಎಂಡಿ ಲ್ಯಾಪ್‌ಟಾಪ್‌ನಲ್ಲೂ ನಡೆಯುತ್ತವೆ. ಎಎಕ್ಸ್201, ಎಎಕ್ಸ್211 ಹಾಗಲ್ಲ. ಅವುಗಳ ಅರ್ಧ ಕೆಲಸ ಇಂಟೆಲ್ ಪ್ರೊಸೆಸರ್ ಕಡೆ ಇರುತ್ತದೆ, ಅದಕ್ಕೆ ಒಪ್ಪುವ ಇಂಟೆಲ್ ಲ್ಯಾಪ್‌ಟಾಪ್‌ನಲ್ಲಿ ಮಾತ್ರ ಏಳುತ್ತವೆ. ನೋಡುವುದಕ್ಕೆ ಎಲ್ಲ ಒಂದೇ ಥರ, ಸ್ಲಾಟಿನಲ್ಲೂ ಕೂರುತ್ತವೆ, ಆದರೆ ನನ್ನದು ಎಎಂಡಿ ಆದ್ದರಿಂದ 211 ಹಾಕಿದ್ದರೆ ಕಾಣುತ್ತಲೇ ಇರಲಿಲ್ಲ. 210 ಅಂತ ಹೆಸರು ಓದಿಯೇ ತಗೊಂಡೆ, ಎರಡು ಸಾವಿರ ರೂಪಾಯಿಯ ಆಸುಪಾಸು ಆಯಿತು. ಕೊಳ್ಳುವ ಮುಂಚೆ ನೋಡಬೇಕಾದ್ದು ಇನ್ನೆರಡು. ತೆಳ್ಳಗಿನ ಕೆಲವು ಲ್ಯಾಪ್‌ಟಾಪ್‌ಗಳಲ್ಲಿ ವೈಫೈ ಚಿಪ್ ಮದರ್‌ಬೋರ್ಡಿಗೇ ಬೆಸೆದಿರುತ್ತದೆ, ಬದಲಿಸಲು ಆಗುವುದಿಲ್ಲ. ಇನ್ನು ಕೆಲವು ಹಳೆಯ ಲ್ಯಾಪ್‌ಟಾಪ್‌ಗಳ ಬಯಾಸ್ ತನ್ನ ಪಟ್ಟಿಯಲ್ಲಿರುವ ಕಾರ್ಡ್ ಬಿಟ್ಟು ಬೇರೆ ಹಾಕಿದರೆ ಬೂಟ್ ಆಗಲು ಬಿಡುವುದಿಲ್ಲ. ನಿಮ್ಮ ಮಾಡೆಲ್‌ನ ಸರ್ವಿಸ್ ಮ್ಯಾನುಯಲ್ ಓದಿದರೆ ಸಾಮಾನ್ಯವಾಗಿ ಗೊತ್ತಾಗುತ್ತದೆ.

ಹಾಕುವುದು ಕಷ್ಟದ ಕೆಲಸ ಅಲ್ಲ. ಬ್ಯಾಟರಿ ಕನೆಕ್ಟರ್ ಬಿಚ್ಚಿ, ಒಂದು ಸ್ಕ್ರೂ ತೆಗೆದು, ಹಳೆಯದನ್ನು ಎಳೆದು ಹೊಸದನ್ನು ಕೂರಿಸಿದರೆ ಆಯಿತು. ನಾಜೂಕು ಇರುವುದು ಆಂಟೆನಾ ತಂತಿಗಳಲ್ಲಿ. ಅವುಗಳ ತುದಿ ತುಂಬಾ ಚಿಕ್ಕದು, ಸಾಸಿವೆ ಕಾಳಿನಷ್ಟೇ. ನೇರವಾಗಿ ಮೇಲೆ ಇಟ್ಟು ಒತ್ತಬೇಕು, ಓರೆಯಾಗಿ ಒತ್ತಿದರೆ ಬಾಗುತ್ತದೆ. ಒಂದೇ ಆಂಟೆನಾದ ಕಾರ್ಡ್ ಇದ್ದ ಲ್ಯಾಪ್‌ಟಾಪ್‌ಗಳಲ್ಲಿ ಎರಡನೇ ತಂತಿ ಇದೆಯೋ ಇಲ್ಲವೋ ಮೊದಲೇ ನೋಡಿ. ನನ್ನದರಲ್ಲಿ ಎರಡನೆಯದನ್ನು ಟೇಪ್ ಸುತ್ತಿ ಪಕ್ಕಕ್ಕೆ ಬಿಟ್ಟಿದ್ದರು, ಅದು ಉಪಯೋಗಕ್ಕೆ ಬಂತು.

ಉಬುಂಟು 22.04ರ ಕರ್ನಲ್ 5.15. ಎಎಕ್ಸ್210ಗೆ 5.10 ಅಥವಾ ಅದಕ್ಕಿಂತ ಹೊಸದು ಬೇಕು, ಹಾಗಾಗಿ ಆನ್ ಮಾಡಿದ ಕೂಡಲೇ ನೆಟ್‌ವರ್ಕ್‌ಗಳ ಪಟ್ಟಿ ಬಂತು. ಯಾವ ಫೈಲೂ ಇಳಿಸಲಿಲ್ಲ, ಯಾವ ಕಮಾಂಡೂ ಕೊಡಲಿಲ್ಲ. ಉಬುಂಟು 20.04ರ ಮೂಲ ಕರ್ನಲ್ 5.4 ಇಟ್ಟುಕೊಂಡವರಿಗೆ ಇದು ಏಳುವುದಿಲ್ಲ. ಲಿಂಕ್ ವೇಗ ಹಳೆಯ ಕಾರ್ಡಿನಲ್ಲಿ ಜಾಸ್ತಿ ಅಂದರೆ 433 ಎಂಬಿಪಿಎಸ್ ತೋರಿಸುತ್ತಿತ್ತು, ಇದರಲ್ಲಿ ಅದೇ ವೈಫೈ 5 ರೂಟರ್‌ಗೆ 866, ಆಮೇಲೆ ವೈಫೈ 6 ರೂಟರ್ ತಂದ ಮೇಲೆ 1200. ಮನೆಯ ಫೈಬರ್ ಪ್ಲಾನ್ ಅಷ್ಟೆಲ್ಲ ಇಲ್ಲ ಅನ್ನುವುದು ನಿಜ. ಆದರೆ ಎರಡು ಗೋಡೆ ದಾಟಿದ ಒಳಕೋಣೆಯಲ್ಲಿ ವಿಡಿಯೋ ಕಾಲ್ ಕಡಿಯದೆ ನಡೆಯುತ್ತದೆ. ನನಗೆ ಬೇಕಾಗಿದ್ದು ಅದು.

ಇಷ್ಟು ಕಾಲದಲ್ಲಿ ಕರ್ನಲ್ 5.15ರಿಂದ 6.8ಕ್ಕೆ ಬಂದಿದೆ. ಒಂದು ಅಪ್‌ಡೇಟ್‌ನಲ್ಲೂ ವೈಫೈ ಹೋಗಿಲ್ಲ. ಇದೊಂದೇ ಕಾರಣಕ್ಕೆ ನಾನು ಈ ಕಾರ್ಡನ್ನು ಯಾರಿಗೆ ಬೇಕಾದರೂ ಹೇಳುತ್ತೇನೆ.

ಸಣ್ಣ ಹೊಂದಾಣಿಕೆಗಳು ಬೇಕಾಗಬಹುದು. ಉಬುಂಟುವಿನಲ್ಲಿ ನೆಟ್‌ವರ್ಕ್ ಮ್ಯಾನೇಜರ್ ವೈಫೈ ಪವರ್ ಸೇವ್ ಅನ್ನು ತಾನೇ ಆನ್ ಮಾಡಿರುತ್ತದೆ, ಅದರ ಸೆಟ್ಟಿಂಗ್ ಫೈಲಿನಲ್ಲಿ ಪವರ್ ಸೇವ್ ಎದುರು 3 ಅಂತ ಇರುತ್ತದೆ. ಅದನ್ನು 2 ಮಾಡಿದರೆ ಆಫ್ ಆಗುತ್ತದೆ. ಪಿಂಗ್ ಸಮಯ ಒಮ್ಮೆ ಕಡಿಮೆ ಒಮ್ಮೆ ಜಾಸ್ತಿ ಕುಣಿಯುತ್ತಿದ್ದರೆ ಇದನ್ನು ಮೊದಲು ಮಾಡಿ ನೋಡಿ, ಯಾವ ಕಂಪನಿಯ ಕಾರ್ಡ್ ಆದರೂ ಸರಿ. ಬ್ಯಾಟರಿ ಸ್ವಲ್ಪ ಬೇಗ ಇಳಿಯುತ್ತದೆ, ನನಗೆ ಅದು ಪರವಾಗಿಲ್ಲ. ಸಸ್ಪೆಂಡ್‌ನಿಂದ ಎದ್ದ ಮೇಲೆ ಯಾವ ಕಾರ್ಡಾದರೂ ಮಂಕಾಗಿ ಕೂತರೆ ಇಡೀ ಲ್ಯಾಪ್‌ಟಾಪ್ ರೀಸ್ಟಾರ್ಟ್ ಮಾಡಬೇಕಿಲ್ಲ, ಆ ಡ್ರೈವರ್ ಮಾಡ್ಯೂಲ್ ತೆಗೆದು ಮತ್ತೆ ಹಾಕಿದರೆ ಸಾಕು. ಇಂಟೆಲ್‌ನಲ್ಲಿ ಮಾಡ್ಯೂಲ್ ಎರಡು, ಮೊದಲು ಐಡಬ್ಲ್ಯುಎಲ್ ಎಂವಿಎಂ, ಆಮೇಲೆ ಐಡಬ್ಲ್ಯುಎಲ್ ವೈಫೈ ತೆಗೆಯಬೇಕು. ಬ್ಲೂಟೂತ್ ಇದೇ ಕಾರ್ಡಿನಲ್ಲಿದ್ದರೂ ಅದು ಯುಎಸ್‌ಬಿ ಸಾಧನವಾಗಿ ಕಾಣುತ್ತದೆ, ಹಾಗಾಗಿ ವೈಫೈ ಇದ್ದು ಬ್ಲೂಟೂತ್ ಇಲ್ಲದಿದ್ದರೆ ಹುಡುಕಬೇಕಾದ್ದು ಎಲ್‌ಎಸ್‌ಯುಎಸ್‌ಬಿಯಲ್ಲಿ.

ವಿಂಡೋಸ್ ಜೊತೆಗೆ ಲಿನಕ್ಸ್ ಇಟ್ಟುಕೊಂಡವರಿಗೆ ಒಂದು ಮಾತು. ವಿಂಡೋಸ್‌ನ ಫಾಸ್ಟ್ ಸ್ಟಾರ್ಟಪ್ ಆನ್ ಇದ್ದರೆ ಶಟ್‌ಡೌನ್ ಕೊಟ್ಟರೂ ಅದು ಪೂರ್ತಿ ಆಫ್ ಆಗುವುದಿಲ್ಲ, ವೈಫೈ ಕಾರ್ಡನ್ನು ಅರ್ಧ ನಿದ್ದೆಯಲ್ಲಿ ಬಿಟ್ಟುಹೋಗುತ್ತದೆ. ಆಮೇಲೆ ಲಿನಕ್ಸ್ ಬೂಟ್ ಮಾಡಿದರೆ ಡ್ರೈವರ್ ಅದನ್ನು ಎಬ್ಬಿಸಲಾರದೆ ಹೋಗಬಹುದು. ನನ್ನ ತಮ್ಮನ ಲ್ಯಾಪ್‌ಟಾಪ್‌ನಲ್ಲಿ ವೈಫೈ ಒಂದು ದಿನ ಇರುತ್ತಿತ್ತು, ಒಂದು ದಿನ ಇರುತ್ತಿರಲಿಲ್ಲ. ಫಾಸ್ಟ್ ಸ್ಟಾರ್ಟಪ್ ಆಫ್ ಮಾಡಿದೆವು, ಅಲ್ಲಿಗೆ ಮುಗಿಯಿತು.

ಇದರ ಮಿತಿಯನ್ನೂ ಹೇಳಬೇಕು. ಇಂಟೆಲ್ ಕಾರ್ಡ್‌ಗಳು ತಾವು ಯಾವ ದೇಶದಲ್ಲಿದ್ದೇವೆ ಅನ್ನುವುದನ್ನು ಸುತ್ತಲಿನ ರೂಟರ್‌ಗಳ ಸಿಗ್ನಲ್ ನೋಡಿ ತಾವೇ ತೀರ್ಮಾನಿಸುತ್ತವೆ. ನಾವು ದೇಶದ ಕೋಡ್ ಕೊಟ್ಟು ಬದಲಿಸಲು ಆಗುವುದಿಲ್ಲ. ಇದರಿಂದ ಲ್ಯಾಪ್‌ಟಾಪನ್ನೇ 5 ಗಿಗಾಹರ್ಟ್ಸ್ ಹಾಟ್‌ಸ್ಪಾಟ್ ಮಾಡುವುದು ಸಾಮಾನ್ಯವಾಗಿ ಸಾಧ್ಯವಾಗುವುದಿಲ್ಲ, 2.4ರಲ್ಲಿ ಆಗುತ್ತದೆ. ಲ್ಯಾಪ್‌ಟಾಪಿನಿಂದಲೇ ಮನೆಗೆಲ್ಲ ವೈಫೈ ಹಂಚುವ ಯೋಚನೆ ಇದ್ದವರು ಇದನ್ನು ಕೊಳ್ಳಬೇಡಿ. 6 ಗಿಗಾಹರ್ಟ್ಸ್ ಇದೆ ಅಂತ ಪೆಟ್ಟಿಗೆ ಮೇಲೆ ಬರೆದಿರುವುದಕ್ಕೂ ಜಾಸ್ತಿ ಬೆಲೆ ಕಟ್ಟಬೇಡಿ, ಅದಕ್ಕೆ ರೂಟರ್ ಬೇಕು, ದೇಶದ ನಿಯಮವೂ ಒಪ್ಪಬೇಕು.

ಕಾರ್ಡ್ ಬದಲಿಸಲು ಆಗದವರು ಯುಎಸ್‌ಬಿ ಡಾಂಗಲ್ ನೋಡಬಹುದು. ಆದರೆ ಪೆಟ್ಟಿಗೆ ಮೇಲಿನ ಕಂಪನಿ ಹೆಸರು ನೋಡಿ ಕೊಳ್ಳಬೇಡಿ, ಒಳಗಿನ ಚಿಪ್ ಯಾವುದು ಕೇಳಿ. ಒಂದೇ ಮಾಡೆಲ್ ನಂಬರಿನಲ್ಲಿ ಆವೃತ್ತಿ ಬದಲಾದಾಗ ಚಿಪ್ಪೂ ಬದಲಾಗಿರುತ್ತದೆ. ಮೀಡಿಯಾಟೆಕ್ ಎಂಟಿ7612ಯು ಇರುವ ಡಾಂಗಲ್‌ಗೆ ಕರ್ನಲ್‌ನಲ್ಲೇ ಡ್ರೈವರ್ ಇದೆ, ಚುಚ್ಚಿದರೆ ಸಾಕು.

ಇನ್ನೊಂದು, ಕಾರ್ಡ್ ಬದಲಿಸಿದ ಮೇಲೆ ಹಳೆಯ ಡಿಕೆಎಂಎಸ್ ಡ್ರೈವರನ್ನು ಮರೆಯದೆ ತೆಗೆಯಿರಿ. ಅದಕ್ಕೆ ಕಾರ್ಡ್ ಇಲ್ಲದಿದ್ದರೂ ಪ್ರತಿ ಕರ್ನಲ್ ಅಪ್‌ಡೇಟ್‌ನಲ್ಲೂ ಕಂಪೈಲ್ ಮಾಡಲು ಹೋಗುತ್ತದೆ, ಅದು ಆಗದಿದ್ದರೆ ಪ್ಯಾಕೇಜ್‌ಗಳನ್ನು ಹಾಕುವ ಎಪಿಟಿ ಹೊಸ ಕರ್ನಲ್ ಪ್ಯಾಕೇಜನ್ನೇ ಅರ್ಧಕ್ಕೆ ಬಿಟ್ಟು ಎರರ್ ಕೊಡುತ್ತದೆ. ಡಿಕೆಎಂಎಸ್ ಸ್ಟೇಟಸ್ ಕೊಟ್ಟು ನೋಡಿ, ಹಳೆಯ ಡ್ರೈವರಿನ ಹೆಸರು ಅಲ್ಲಿ ಇರಬಾರದು.